ಸಂಕಿರಣಕ್ಕೆ ಪ್ರಬಂಧ ಕಳಿಸುವ ಮುನ್ನ
ಕಾಸರಗೋಡಿನ ಸಂಶೋಧಕ ಮಿತ್ರರೇ, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧವನ್ನು ಹಾಗೆಯೇ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಒಮ್ಮೆ ನನ್ನ ಸಾರಲೇಖ ಹೀಗೇ ಕೆಟ್ಟು, ಪುಸ್ತಿಕೆಯಲ್ಲಿ ಬರೀ ಹೆಸರು ಅಚ್ಚಾಯಿತು, ಇವತ್ತಿಗೂ ಬೇಸರವಿದೆ. ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ: ‘ಧರ್ಮ’ ಎಷ್ಟೋ ಸಲ ‘ಧಮರ್’ ಆಗಿರುತ್ತದೆ. ಜೊತೆಗೊಂದು ಪಿಡಿಎಫ್ ಇರಲಿ.

15 ನಿಮಿಷಕ್ಕೆ ನಾಲ್ಕು ಪುಟ ಸಾಕು, ಮನೆಯಲ್ಲೇ ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ.

ಇನ್ನೊಂದು ಮಾತು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಮಲಯಾಳಂ ಮಾತನಾಡುವ ಕೇಳುಗರೂ ಇರುತ್ತಾರೆ. ತುಳು ಪಾಡ್ದನದ (ಜನಪದ ಕಥನಗೀತೆಯ) ಸಾಲು ಎತ್ತಿಕೊಂಡರೆ, ಅರ್ಥವನ್ನು ಇಂಗ್ಲಿಷಿನಲ್ಲೂ ಬರೆದ ಒಂದು ಹಾಳೆ ಹಂಚಿ. ಇಪ್ಪತ್ತು ಪ್ರತಿ ಸಾಕಾಗುತ್ತದೆ.