ಶಾಲೆಯ ಚಾಪ್ಲಿನ್ ಕೆಲಸ ನಿಮ್ಮ ತಲೆಗೆ ಬಂದರೆ

ಎಲ್ಲ ಕ್ಯಾಥೊಲಿಕ್ ಹೈಸ್ಕೂಲಿಗೂ ಪೂರ್ತಿ ಹೊತ್ತಿನ ಚಾಪ್ಲಿನ್, ಅಂದರೆ ಮಕ್ಕಳ ಪ್ರಾರ್ಥನೆ, ಪೂಜೆ, ಕಷ್ಟಸುಖ ನೋಡಿಕೊಳ್ಳುವ ಗುರುಗಳು, ಸಿಗುವುದಿಲ್ಲ. ಪಕ್ಕದ ಧರ್ಮಕೇಂದ್ರದ ಫಾದರ್ ಬಿಡುವಾದಾಗ ಬರುತ್ತಾರೆ. ಉಳಿದ ದಿನಗಳ ಕೆಲಸ ಯಾರೋ ಒಬ್ಬ ಟೀಚರ್ ತಲೆಗೆ ಬೀಳುತ್ತದೆ. ಗೋವಾದ ವಾಸ್ಕೋದಲ್ಲಿರುವ ನಮ್ಮ ಶಾಲೆಯಲ್ಲಿ ಆ ಟೀಚರ್ ನಾನು. ಊರು ಹಳಿಯಾಳ, ಕಲಿಸುವುದು ಗಣಿತ. ಬೈನಾ, ಝುವಾರಿನಗರದಿಂದ ಬರುವ ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಜಾಸ್ತಿ. ಗದಗ, ಹಾವೇರಿ, ವಿಜಯಪುರ ಕಡೆಯವರು. ಬಹುಪಾಲು ಹಿಂದೂ, ಮುಸ್ಲಿಂ ಮನೆಗಳು, ನಡುವೆ ಕೆಲವು ಕ್ಯಾಥೊಲಿಕ್ ಮನೆಗಳು. ಇಂಥ ಶಾಲೆಯಲ್ಲಿ ಈ ಕೆಲಸ ಹಿಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪಟ್ಟಿ ಮಾಡಿ. ಶಾಲೆಯ ರಿಜಿಸ್ಟರ್‌ನಲ್ಲಿ 'ಕ್ರಿಶ್ಚಿಯನ್' ಅಂತ ಮಾತ್ರ ಇರುತ್ತದೆ. ಅದು ಸಾಲುವುದಿಲ್ಲ. ಗದಗ-ಬೆಟಗೇರಿ ಕಡೆಯ ಹಳೆಯ ಬಾಸೆಲ್ ಮಿಷನ್ ಮನೆತನದ ಹುಡುಗಿ ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವಳಾಗಿರುತ್ತಾಳೆ. ಅವಳನ್ನು ಸುಮ್ನೆ ಪರಮ ಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಸಾಲಿಗೆ ನಿಲ್ಲಿಸುವ ಹಾಗಿಲ್ಲ. ಕ್ಯಾಥೊಲಿಕ್ ಮಕ್ಕಳಾದರೆ ಯಾವ ಧರ್ಮಕೇಂದ್ರ, ಮೊದಲ ಪರಮ ಪ್ರಸಾದ ಆಗಿದೆಯೇ, ದೀಕ್ಷಾಸ್ನಾನವನ್ನು ಗಟ್ಟಿಗೊಳಿಸುವ ದೃಢೀಕರಣದ ಸಂಸ್ಕಾರ ಆಗಿದೆಯೇ ಎಂದು ಬರೆದಿಟ್ಟುಕೊಳ್ಳಿ. ಕೆಲಸಕ್ಕಾಗಿ ಊರು ಬಿಟ್ಟು ಬಂದ ಮನೆಗಳಲ್ಲಿ ಸಂಸ್ಕಾರಗಳು ಅರ್ಧಕ್ಕೆ ನಿಂತಿರುತ್ತವೆ. ಹತ್ತನೇ ಕ್ಲಾಸಿಗೆ ಬಂದಿದ್ದರೂ ದೃಢೀಕರಣ ಆಗದ ಮಕ್ಕಳು ಸಿಗುತ್ತಾರೆ, ನಾಚಿಕೆಗೆ ಬಾಯಿ ಬಿಡುವುದಿಲ್ಲ.

ಆಮೇಲೆ ಒಪ್ಪಿಗೆ ಪತ್ರ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾರನ್ನೂ ಕಡ್ಡಾಯವಾಗಿ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಅಲ್ಪಸಂಖ್ಯಾತರ ಶಾಲೆ ಅಂತ ಇದರಿಂದ ವಿನಾಯಿತಿ ಇಲ್ಲ. ಪತ್ರವನ್ನು ಇಂಗ್ಲಿಷಿನಲ್ಲಿ ಮಾತ್ರ ಕಳಿಸಿದರೆ ಪೋಷಕರು ಓದದೇ ಸಹಿ ಹಾಕುತ್ತಾರೆ. ಅದು ಒಪ್ಪಿಗೆಯೇ ಅಲ್ಲ, ಅಲ್ವಾ? ಕನ್ನಡದಲ್ಲೂ ಬರೆಯಿರಿ. 'ಬೇಡ' ಎಂದು ಗುರುತು ಹಾಕಲು ಒಂದು ಚೌಕ ಬಿಡಿ. ಬೇಡ ಅಂದ ಮಕ್ಕಳಿಗೆ ಆ ಹೊತ್ತಿನಲ್ಲಿ ನಿಜವಾದ ಮೌಲ್ಯ ಶಿಕ್ಷಣದ ಕ್ಲಾಸ್ ಇಡಿ. ಲೈಬ್ರರಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ ಅಂದರೆ ಅದು ಶಿಕ್ಷೆ.

ಬೆಳಗಿನ ಅಸೆಂಬ್ಲಿ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಭಾರತದ ಬಿಷಪರ ಸಮ್ಮೇಳನ 2024ರಲ್ಲಿ ಶಾಲೆಗಳಿಗೆ ಕೊಟ್ಟ ಸೂಚನೆಯಲ್ಲಿ ಬೇಕಾದ್ದೆಲ್ಲ ಇದೆ: ದಿನವೂ ಸಂವಿಧಾನದ ಪೀಠಿಕೆ ಓದಿಸಿ, ನಮ್ಮ ಆಚರಣೆಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ, ಆದರೆ ಸರ್ವಧರ್ಮದ ಒಂದು ಪ್ರಾರ್ಥನಾ ಕೋಣೆ ಇಡಿ. ಈ ಕೋಣೆಗಾಗಿ ಮಾತ್ರ ಹಟ ಹಿಡಿಯಿರಿ. ಸ್ಟೋರ್ ರೂಮ್ ಆದರೂ ಪರವಾಗಿಲ್ಲ. ಊಟದ ಬಿಡುವಿನಲ್ಲಿ ನೀವು ಅಲ್ಲಿ ಕೂತಿರಬೇಕು, ಬಾಗಿಲು ತೆರೆದಿರಬೇಕು. ಕೈಯಲ್ಲಿ ತಿದ್ದುವ ಪೇಪರ್ ಇಟ್ಟುಕೊಳ್ಳಿ. ಕೆಲಸ ಮಾಡುತ್ತಿರುವ ಟೀಚರ್ ಪಕ್ಕ ಬಂದು ಕೂರಲು ಮಕ್ಕಳಿಗೆ ಸುಲಭ. 'ಬಾ, ಏನು ಕಷ್ಟ ಹೇಳು' ಎಂದು ನೋಡುತ್ತಾ ಕೂತರೆ ಯಾರೂ ಬರುವುದಿಲ್ಲ.

ಈಗ ಬಲಿಪೂಜೆ, ಅಂದರೆ ಚರ್ಚಿನ ಮಾಸ್. ನಮ್ಮ ಕಷ್ಟವೆಲ್ಲ ಇರುವುದು ಇಲ್ಲೇ. ಗೋವಾದ ಚರ್ಚಿನಲ್ಲಿ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದುತ್ತಾರೆ. ಹಾವೇರಿಯ ಮಗುವಿಗೆ ಆ ಹಾಡಿನ ಪುಸ್ತಕ ಕೊಟ್ಟರೆ ಸುಮ್ಮನೆ ಹಿಡಿದುಕೊಂಡು ನಿಲ್ಲುತ್ತದೆ. ಶಾಲೆಯ ಪೂಜೆ ಇಂಗ್ಲಿಷಿನಲ್ಲಿ ನಡೆಯಲಿ, ಆದರೆ ಎಲ್ಲರಿಗಾಗಿ ಬೇಡಿಕೊಳ್ಳುವ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕನ್ನಡ, ಒಂದು ಕೊಂಕಣಿ ಇರಲಿ. ಅದನ್ನು ಮಕ್ಕಳೇ ಬರೆಯಲಿ. ಟೀಚರ್ ಬರೆದರೆ ಪೋಪರಿಂದ ಶುರುವಾಗಿ ಪ್ರಿನ್ಸಿಪಾಲರಲ್ಲಿ ಮುಗಿಯುತ್ತದೆ. ಆಗಸ್ಟ್ 1ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ಟ್ರಾಲರ್‌ಗಳು ಹೊರಡುವ ವಾರ ಬೈನಾದ ಮಕ್ಕಳು ಬರೆಯುವುದನ್ನು ನೋಡಿ. ಅಪ್ಪ ಹೋಗುವ ದೋಣಿಯ ಹೆಸರನ್ನೂ ಹಾಕಿರುತ್ತಾರೆ. ತಿದ್ದಬೇಡಿ, ಹಾಗೇ ಓದಿಸಿ.

ವಾರದ ದಿನದ ಪೂಜೆಗೆ ಬೈಬಲಿನ ಒಂದು ವಾಚನ, ಕೀರ್ತನೆ, ಶುಭಸಂದೇಶ ಇದ್ದರೆ ಸಾಕು. ಪ್ರಬೋಧನೆ, ಅಂದರೆ ಫಾದರ್ ಕೊಡುವ ಪ್ರವಚನ, ಎಂಟು ನಿಮಿಷ ಮೀರಬಾರದು ಎಂದು ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಹೇಳಿದ್ದರು. ನಿಮ್ಮ ಫಾದರ್‌ಗೆ ನೆನಪಿಸಲು ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ.

ಪರಮ ಪ್ರಸಾದದ ಹೊತ್ತಿಗೆ ಬೆಂಚ್ ಬೆಂಚ್ ಎಬ್ಬಿಸಬೇಡಿ. ಹಾಗೆ ಎಬ್ಬಿಸಿದರೆ ಕೂತೇ ಇರುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೋಗುವವರು ತಾವಾಗಿ ಎದ್ದು ಹೋಗಲಿ, ಕೂರುವುದೂ ಸರಿಯೇ ಎಂದು ಹಿಂದಿನ ದಿನವೇ ಹೇಳಿಬಿಡಿ. ಸ್ವೀಕರಿಸದವರು ಎದೆಯ ಮೇಲೆ ಕೈಕಟ್ಟಿ ಬಂದು ಆಶೀರ್ವಾದ ಪಡೆಯಬಹುದೇ ಎಂಬುದನ್ನು ಫಾದರ್ ಹತ್ತಿರ ಮೊದಲೇ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಗುರುಗಳ ಮುಂದೆ ಮಾಡುವ ಪಾಪನಿವೇದನೆಯನ್ನು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೊಮ್ಮೆ, ಕ್ರಿಸ್ಮಸ್‌ಗೆ ಮುಂಚೆ ಒಮ್ಮೆ ಇಡಿ. ಮುಚ್ಚಿದ ಕೋಣೆ ಬೇಡ. ಮೈದಾನದ ಅಂಚಿನಲ್ಲಿ ಎರಡು ಕುರ್ಚಿ ಹಾಕಿ. ಎಲ್ಲರಿಗೂ ಕಾಣಬೇಕು, ಯಾರಿಗೂ ಕೇಳಿಸಬಾರದು. ಅದೇ ಹೊತ್ತಿಗೆ ಉಳಿದವರಿಗೆ ಚಿತ್ರ, ಹಾಡು ಏನಾದರೂ ಇಡಿ. ಯಾರು ಹೋದರು, ಯಾರು ಹೋಗಲಿಲ್ಲ ಎಂಬ ಲೆಕ್ಕ ಯಾರಿಗೂ ಸಿಗಬಾರದು.

ಒಂದು ವ್ಯತ್ಯಾಸ ಮಾತ್ರ ಗಟ್ಟಿಯಾಗಿ ತಿಳಿದಿರಲಿ. ಗುರುಗಳಿಗೆ ಪಾಪನಿವೇದನೆಯ ಗುಟ್ಟಿನ ಕಟ್ಟು ಇದೆ. ನಿಮಗೆ ಅದಿಲ್ಲ. 'ಯಾರಿಗೂ ಹೇಳಲ್ಲ' ಎಂದು ಯಾವ ಮಗುವಿಗೂ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೂ ಸಾಕು, 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪರಾಧ. ಮಕ್ಕಳ ಸಹಾಯವಾಣಿ 1098 ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಇರಲಿ. 'ನಿನಗೆ ಅಪಾಯ ಇದ್ದರೆ ನಾನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ, ಆದರೆ ನಿನಗೆ ಮೊದಲು ಹೇಳಿ ಆಮೇಲೆ ಹೇಳುತ್ತೇನೆ.' ಮಗು ಮಾತು ಶುರು ಮಾಡುವ ಮೊದಲೇ ಇಷ್ಟು ಹೇಳಿ.

ಹಳೇ ಗೋವಾ ಯಾತ್ರೆಗೆ ಎಲ್ಲ ಧರ್ಮದ ಮಕ್ಕಳೂ ಬರುತ್ತೇವೆ ಅನ್ನುತ್ತಾರೆ, ಕರೆದುಕೊಂಡು ಹೋಗಿ. ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ನವೆಂಬರ್ 24ರಿಂದ ಡಿಸೆಂಬರ್ 2ರವರೆಗೆ. ವಾರದ ನಡುವಿನ ಒಂದು ಬೆಳಗಿನ ಪೂಜೆ ಆರಿಸಿ. 3ರ ಹಬ್ಬದ ದಿನ ಮಕ್ಕಳನ್ನು ಆ ಜನಜಂಗುಳಿಗೆ ಒಯ್ಯಬೇಡಿ. ಅಲ್ಲಿ ಇಟ್ಟಿರುವ ಸಂತರ ದೇಹ ಹತ್ತಿರದಿಂದ ಕಾಣುತ್ತದೆ ಎಂದು ಮಕ್ಕಳು ಅಂದುಕೊಂಡಿರುತ್ತಾರೆ. ಪೆಟ್ಟಿಗೆ ಮೇಲೆ ಎತ್ತರದಲ್ಲಿ ಇರುತ್ತದೆ ಎಂದು ಬಸ್ಸಿನಲ್ಲೇ ಹೇಳಿ. ಕೆಳಗಿಳಿಸುವುದು ಹತ್ತು ವರ್ಷಕ್ಕೊಮ್ಮೆ, ಕಳೆದ ಸಲ ಇಳಿಸಿದ್ದು 2024ರ ನವೆಂಬರ್‌ನಲ್ಲಿ.

ಮಗುವಿನ ಮನೆಯಲ್ಲಿ ಸಾವಾದರೆ ಉಳಿದದ್ದೆಲ್ಲ ಬಿಟ್ಟು ಹೋಗಿ. ನಮ್ಮ ಪ್ರಾರ್ಥನೆಯನ್ನು ಹಿಂದೂ ಮನೆಯೊಳಗೆ ಹೊತ್ತುಕೊಂಡು ಹೋಗಬೇಡಿ. ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ. ಎಷ್ಟೋ ಮನೆಯವರು ಹೆಣವನ್ನು ಊರಿಗೇ ಒಯ್ಯುತ್ತಾರೆ. ದಿನಕರ್ಮ ಮುಗಿಸಿ ಮಗು ಮರಳುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ. ಬರುವ ದಿನ ಫೋನ್ ಮಾಡಿ ಕೇಳಿಕೊಂಡು ಕ್ಲಾಸ್ ಟೀಚರ್‌ಗೆ ತಿಳಿಸಿ. ನೋಟ್ಸ್ ಜೆರಾಕ್ಸ್ ಮಾಡಿಸಿಡಿ. ಯೂನಿಟ್ ಟೆಸ್ಟ್ ಬೇರೆ ದಿನಕ್ಕೆ ಹಾಕಿಸಿ. ಎಕ್ಸಾಮ್ ನೋಡಿಕೊಳ್ಳುವವರು ಗೊಣಗುತ್ತಾರೆ, ಗೊಣಗಲಿ.