ಪುಣೆಯಲ್ಲಿ ಪುಟಾಣಿಗಳ ಸಂಕ್ರಾಂತಿ

ಚಿಕ್ಕ ಮಕ್ಕಳಿರುವವರಿಗೆ ಒಂದು ಸಲಹೆ. ಊರಿಂದ ಬರುವ ಎಳ್ಳು-ಬೆಲ್ಲವನ್ನು ಹಾಗೇ ಮಗುವಿನ ಕೈಗೆ ಕೊಡಬೇಡಿ. ಹೋದ ವರ್ಷ ನಮ್ಮ ಮಗಳಿಗೆ ಕಡಲೆಬೀಜದ ಚೂರು ಗಂಟಲಿಗೆ ಸಿಕ್ಕಿತು. ಕೆಮ್ಮಿ ಕೆಮ್ಮಿ ಕಕ್ಕಿದಳು, ಪುಣ್ಯ. ನನಗಂತೂ ಕೈಕಾಲೇ ಆಡಲಿಲ್ಲ. ಈಗ ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಬೆಲ್ಲ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಚೂರು ತುಪ್ಪ ಕಲಸಿ, ಬೆರಳಲ್ಲಿ ನೆಕ್ಕಿಸುತ್ತೇನೆ. ಜೀರಿಗೆ ಪೆಪ್ಪರ್‌ಮೆಂಟು ಬೇಡವೇ ಬೇಡ.

ಇನ್ನು ಹಣ್ಣೆರೆಯೋದು, ಅಂದರೆ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಮಂಡಕ್ಕಿ, ಕಾಸು ಸುರಿಯೋದು. ಇಲ್ಲಿನವರೂ ಮಾಡುತ್ತಾರೆ, ಬೋರ್‌ನ್ಹಾಣ ಅಂತಾರೆ. ರಥಸಪ್ತಮಿವರೆಗೂ ಮಾಡಬಹುದು, ಹಾಗಾಗಿ ಹಬ್ಬದ ದಿನ ರಜೆ ಸಿಗಲಿಲ್ಲ ಅಂತ ಬೇಜಾರು ಬೇಡ. ಒಂದು ಭಾನುವಾರ ಪಕ್ಕದ ಮನೆಯ ಮರಾಠಿ ಮಗುವನ್ನೂ ಕೂರಿಸಿಕೊಳ್ಳಿ. ಎಲಚಿ ಹಣ್ಣು ಮಂಡಯಿಯಲ್ಲಿ (ಇಲ್ಲಿನ ತರಕಾರಿ ಮಾರುಕಟ್ಟೆ) ಸಿಗುತ್ತದೆ, 'ಬೋರ' ಅಂತ ಕೇಳಿ. ಅದರ ಬೀಜ ಗಟ್ಟಿ, ಅಲ್ವಾ? ನಾಲ್ಕೇ ಹಣ್ಣು ಹಾಕಿ, ಮಂಡಕ್ಕಿ ಜಾಸ್ತಿ ಸುರಿಯಿರಿ. ಮಕ್ಕಳು ಬಾಚಿಕೊಳ್ಳೋ ಮೊದಲೇ ಹಣ್ಣು, ಕಾಸು ಆರಿಸಿಬಿಡಿ. ವಿಡಿಯೋ ಕಾಲ್‌ನಲ್ಲಿ ಅಜ್ಜಿ ಹಾಡಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಹೋಗಿ ಆರತಿ ಹಾಡು ಅರ್ಧಕ್ಕೇ ನಿಂತಿತ್ತು, ಮೊದಲೇ ರೆಕಾರ್ಡ್ ಮಾಡಿಸಿಟ್ಟುಕೊಳ್ಳಿ.