ಹೈ ಗ್ಲೂಕೋಸ್, ರೆಟಿನಾ ಕೋಶ ಮತ್ತು ಹು-ಆರ್: ನನ್ನ ಅನುಭವ

ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುವಾಗ ವಿಷಯ ಕೇಳಿದವರ ಮರುಪ್ರಶ್ನೆ ಒಂದೇ: "ಶುಗರ್‌ಗೆ ಔಷಧಿ ಕಂಡುಹಿಡೀತಿದೀರಾ?" ಇಲ್ಲ ಮಾರಾಯ್ರೆ. ಶುಗರ್ ಹಳೆಯದಾದವರ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆ) ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನು ಏಕೆ ಏರುತ್ತದೆ, ಅದರಲ್ಲಿ ಆರ್‌ಎನ್‌ಎಗೆ ಅಂಟಿಕೊಳ್ಳುವ ಹು-ಆರ್ ಪ್ರೋಟೀನಿನ ಪಾಲೆಷ್ಟು, ಇಷ್ಟೇ ನನ್ನ ಕೆಲಸ.

ವಿಇಜಿಎಫ್ ಹೆಚ್ಚಾದರೆ ರೆಟಿನಾದ ರಕ್ತನಾಳ ಸೋರುತ್ತದೆ. ಕಣ್ಣಿಗೆ ಚುಚ್ಚುವ ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್ ಆಗಲೇ ತಯಾರಾದ ವಿಇಜಿಎಫನ್ನು ಹಿಡಿದುಹಾಕುತ್ತವೆ. ಹು-ಆರ್ ಆಟ ಅದಕ್ಕೂ ಮುಂಚಿನದು. ವಿಇಜಿಎಫ್‌ನ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸುವ ಸೂಚನೆಯ ಪ್ರತಿ) ಅಲ್ಪಾಯುಷಿ. ಅದರ ಕೊನೆಯ ಭಾಗದಲ್ಲಿ ಎ, ಯು ಅಕ್ಷರಗಳೇ ತುಂಬಿದ ಜಾಗಕ್ಕೆ ಹು-ಆರ್ ಬಂದು ಕೂತರೆ ಬೇಗ ಸವೆಯುವುದಿಲ್ಲ.

ರೆಟಿನಾ ಕೋಶಗಳಿಗೆ ಮೂರು ಬಗೆಯ ತಟ್ಟೆ ಇಟ್ಟೆ. ಒಂದರಲ್ಲಿ 5.5 ಮಿಲಿಮೋಲಾರ್ ಗ್ಲೂಕೋಸ್, ಇನ್ನೊಂದರಲ್ಲಿ 25. ರಕ್ತಪರೀಕ್ಷೆ ಚೀಟಿಯ ಲೆಕ್ಕದಲ್ಲಿ ಸುಮಾರು 100 ಮತ್ತು 450. ಮೂರನೆಯದಕ್ಕೆ 5.5 ಗ್ಲೂಕೋಸ್ ಜೊತೆ 19.5 ಮ್ಯಾನಿಟಾಲ್ (ಕೋಶ ಬಳಸಿಕೊಳ್ಳದ, ಸಕ್ಕರೆಯಂಥ ವಸ್ತು). ಬದಲಾವಣೆ ಸಕ್ಕರೆಯಿಂದಲೋ ದ್ರಾವಣ ಗಟ್ಟಿಯಾದದ್ದರಿಂದಲೋ ತಿಳಿಯಬೇಕಲ್ಲ. ಈ ತಟ್ಟೆ ಇಲ್ಲದ ಪೇಪರ್ ಕಂಡರೆ ನನಗೆ ಮುಂದೆ ಓದುವ ಮನಸ್ಸೇ ಬರುವುದಿಲ್ಲ.

ಇಡೀ ಕೋಶವನ್ನು ಕರಗಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾಡಿದಾಗ 36 ಕಿಲೋಡಾಲ್ಟನ್ ಹತ್ತಿರದ ಹು-ಆರ್ ಪಟ್ಟಿ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಸಮ. ಇದರಲ್ಲಿ ಆಶ್ಚರ್ಯವಿಲ್ಲ. ಹು-ಆರ್ ಸಾಮಾನ್ಯವಾಗಿ ನ್ಯೂಕ್ಲಿಯಸ್ಸಿನಲ್ಲೇ ಇರುತ್ತದೆ. ಎಂಆರ್‌ಎನ್‌ಎ ಕಾಯಲು ಸೈಟೋಪ್ಲಾಸಮ್‌ಗೆ ಬರುತ್ತದೆ. ಹಾಗಾಗಿ ಎರಡನ್ನೂ ಬೇರ್ಪಡಿಸಿಯೇ ನೋಡಬೇಕು. ಸೌಮ್ಯ ಡಿಟರ್ಜೆಂಟು, ಐಸ್, 4 ಡಿಗ್ರಿ ಸೆಂಟ್ರಿಫ್ಯೂಜು. ಏಪ್ರಿಲ್‌ನಲ್ಲಿ ಕರೆಂಟ್ ಹೋಗುವ ಹೊತ್ತು ನೋಡಿಕೊಂಡೇ ಶುರುಮಾಡುತ್ತಿದ್ದೆ. ಸೈಟೋಪ್ಲಾಸಂ ಪಾಲಿನಲ್ಲಿ ನ್ಯೂಕ್ಲಿಯಸ್ಸಿನ ಪ್ರೋಟೀನಾದ ಲ್ಯಾಮಿನ್ ಕಂಡರೆ ನ್ಯೂಕ್ಲಿಯಸ್ ಒಡೆದಿದೆ ಎಂದರ್ಥ, ಆ ಸ್ಯಾಂಪಲ್ ಬಿಸಾಡುವುದೇ. ಹೀಗೆ ನೋಡಿದಾಗ 25ರ ತಟ್ಟೆಯಲ್ಲಿ ಮಾತ್ರ ನ್ಯೂಕ್ಲಿಯಸ್ಸಿನ ಹೊರಗಿನ ಹು-ಆರ್ ಏರಿತ್ತು.

ಎಂಆರ್‌ಎನ್‌ಎ ಆಯುಸ್ಸು ಅಳೆಯಲು ಆಕ್ಟಿನೋಮೈಸಿನ್ ಡಿ ಹಾಕಿದೆ, ಮಿಲಿಲೀಟರಿಗೆ 5 ಮೈಕ್ರೋಗ್ರಾಂ. ಹೊಸ ಎಂಆರ್‌ಎನ್‌ಎ ತಯಾರಿ ನಿಲ್ಲುತ್ತದೆ, ಇದ್ದದ್ದು ಎಷ್ಟು ಬೇಗ ಕರಗುತ್ತದೆ ನೋಡಬಹುದು. ವಿಷ, ಬೆಳಕಿಗೂ ಕೆಡುತ್ತದೆ, ಫಾಯಿಲ್ ಸುತ್ತಿಡಿ. ಸೊನ್ನೆ ಹೊತ್ತು, ಅರ್ಧ ಗಂಟೆ, ಒಂದು, ಎರಡು, ನಾಲ್ಕು ಗಂಟೆಗೆ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ). ಪ್ರತಿ ತಟ್ಟೆಯನ್ನೂ ಅದರದೇ ಸೊನ್ನೆ ಹೊತ್ತಿಗೆ ಹೋಲಿಸಬೇಕು. ಹೋಲಿಕೆಯ ಜೀನ್ ಆಗಿ 18ಎಸ್ ರೈಬೋಸೋಮ್ ಆರ್‌ಎನ್‌ಎ ಇಟ್ಟುಕೊಂಡೆ, ಅದು ದಿನಗಟ್ಟಲೆ ಉಳಿಯುತ್ತದೆ. ಸಿಡಿಎನ್‌ಎಗೆ (ಆರ್‌ಎನ್‌ಎಯಿಂದ ಮಾಡಿಕೊಳ್ಳುವ ಡಿಎನ್‌ಎ ಪ್ರತಿ) ಎ ಅಕ್ಷರಗಳ ಪಾಲಿ-ಎ ಬಾಲಕ್ಕೆ ಅಂಟುವ ಆಲಿಗೋ ಡಿಟಿ ಬೇಡ, ರ‍್ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಅಂಟುವ ಆರಕ್ಷರದ ತುಣುಕು) ಬಳಸಿ: 18ಎಸ್‌ಗೆ ಪಾಲಿ-ಎ ಬಾಲವಿಲ್ಲ, ಜೊತೆಗೆ ಸವೆಯುವ ಎಂಆರ್‌ಎನ್‌ಎ ಮೊದಲು ಕಳೆದುಕೊಳ್ಳುವುದೂ ಆ ಬಾಲವನ್ನೇ. ಪ್ರೋಟೋಕಾಲ್ ಹಾಳೆಗಳಲ್ಲಿ ಇದು ಅಷ್ಟಾಗಿ ಕಾಣಸಿಗುವುದಿಲ್ಲ.

ಎಸ್‌ಐ-ಆರ್‌ಎನ್‌ಎ (ಗುರಿಯಿಟ್ಟ ಎಂಆರ್‌ಎನ್‌ಎಯನ್ನು ಒಡೆಸುವ ಪುಟ್ಟ ಆರ್‌ಎನ್‌ಎ) ಹಾಕಿ ಹು-ಆರ್ ತಗ್ಗಿಸಿದಾಗ 25ರ ತಟ್ಟೆಯಲ್ಲೂ ವಿಇಜಿಎಫ್ ಎಂಆರ್‌ಎನ್‌ಎ ಬೇಗ ಕರಗಿತು. ಆದರೂ ಮಾತ್ರೆ ನುಂಗಿಸಿ ಮೈಯೆಲ್ಲ ಹು-ಆರ್ ತಡೆಯುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಅದು ಕಾಯುವ ಎಂಆರ್‌ಎನ್‌ಎಗಳು ನೂರಾರು. ಆ ಜೀನ್ ಪೂರ್ತಿ ತೆಗೆದ ಇಲಿಯ ಭ್ರೂಣ ಹುಟ್ಟುವ ಮೊದಲೇ ಸಾಯುತ್ತದೆ. ಕಣ್ಣೊಳಗೆ ಔಷಧಿ ಚುಚ್ಚುವ ಪದ್ಧತಿ ಹೇಗೂ ಇದೆ, ಪ್ರಯತ್ನ ನಡೆಯಬೇಕಾದ್ದು ಅಲ್ಲೇ.